ಶಾಸಕರ ಖರ್ಚಿಗೂ ಒಂದು ಜಮಾಬಂದಿ ಬೇಕು

ಬಹಳ ವರ್ಷಗಳ ಹಿಂದೆ ನನ್ನದೊಂದು ಟಿ.ಎ. ಬಿಲ್, ಅಂದರೆ ಪ್ರಯಾಣ ಖರ್ಚಿನ ಬಿಲ್, ವಾಪಸ್ ಬಂದಿತ್ತು. ಗದಗದಿಂದ ಧಾರವಾಡಕ್ಕೆ ಎರಡು ದಿನದ ತರಬೇತಿಗೆ ಹೋಗಿದ್ದೆ. ಹೋಗುವಾಗಿನ ಬಸ್ ಟಿಕೆಟ್ ಇತ್ತು. ಬರುವಾಗಿನದು ಅಂಗಿ ಜೇಬಿನಲ್ಲೇ ಉಳಿದು, ಒಗೆಯುವಾಗ ಮುದ್ದೆಯಾಗಿತ್ತು. ಬಿಲ್ಲಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ಟಿಕೆಟ್ ಲಗತ್ತಿಸಿಲ್ಲ' ಎಂದು ಬರೆದಿತ್ತು. ಆ ದುಡ್ಡು ನನಗೆ ಸಿಗಲಿಲ್ಲ. ಆಗ ಸಿಟ್ಟು ಬಂದಿತ್ತು. ಮುಂದೆ ನಾನೇ ಗದಗ ತಾಲ್ಲೂಕಿನ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯಲು ಕುಳಿತೆ. ಆಗ ಆ ಗುಮಾಸ್ತರು ಮಾಡಿದ್ದು ಸರಿ ಅನ್ನಿಸಿತು. ಹಣ ಅವರದ್ದಲ್ಲ, ನನ್ನದೂ ಅಲ್ಲ. ಚೀಟಿ ಇಲ್ಲದೆ ಕೊಡುವ ಅಧಿಕಾರ ಅವರಿಗಿರಲಿಲ್ಲ.

ಈ ಹಳೆಯ ಬಿಲ್ ನೆನಪಾದದ್ದು 2025ರ ಮಾರ್ಚ್‌ನಲ್ಲಿ. ಮಾರ್ಚ್ 21ರಂದು ನಮ್ಮ ವಿಧಾನಮಂಡಲ ಶಾಸಕರ ಮತ್ತು ಸಚಿವರ ವೇತನ ಹೆಚ್ಚಿಸುವ ಎರಡು ಮಸೂದೆಗಳನ್ನು ಒಪ್ಪಿಕೊಂಡಿತು. ಶಾಸಕರ ತಿಂಗಳ ವೇತನ 40,000 ರೂಪಾಯಿಯಿಂದ 80,000ಕ್ಕೆ ಏರಿತು. ಮುಖ್ಯಮಂತ್ರಿಯವರದ್ದು 75,000ದಿಂದ 1.5 ಲಕ್ಷಕ್ಕೆ. ಮಾಜಿ ಶಾಸಕರ ಪಿಂಚಣಿ 50,000ದಿಂದ 75,000ಕ್ಕೆ. ಆ ದಿನ ವಿಧಾನಸಭೆಯಲ್ಲಿ ಭಾರಿ ಗದ್ದಲವಿತ್ತು. 18 ಶಾಸಕರು ಅಮಾನತಾದ ದಿನವದು. ಆ ಗದ್ದಲದ ನಡುವೆಯೇ, ಚರ್ಚೆ ಇಲ್ಲದೆ, ಮಸೂದೆ ಪಾಸಾಯಿತು.

ಮರುದಿನ ಗದಗದ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುತ್ತಿದ್ದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಪೇಪರ್ ಮಡಚಿಟ್ಟು ಹೇಳಿದರು: "ಎಷ್ಟ್ ತಗೊಂಡ್ರು ಅನ್ನೂದು ಬ್ಯಾರೆ ಮಾತ್ರೀ. ಯಾಕ ಬೇಕಾತು ಅಂತ ಒಂದ್ ಮಾತ್ ಹೇಳಬೇಕಿತ್ತಲ್ರೀ."

ನನಗೂ ಅನ್ನಿಸಿದ್ದು ಅದೇ. ಜನರ ಸಿಟ್ಟು ಮೊತ್ತದ ಮೇಲೆ ಇದ್ದ ಹಾಗೆ ಕಾಣುತ್ತದೆ. ಕೆದಕಿ ನೋಡಿದರೆ ಅದು ಇರುವುದು ಹೇಳದೆ ತೆಗೆದುಕೊಂಡದ್ದರ ಮೇಲೆ. ಹಾಗಾದರೆ ಜನಪ್ರತಿನಿಧಿಗಳಿಗೆ ಏನೇನು ಸಿಗುತ್ತದೆ, ಅದನ್ನು ಯಾರು ನಿರ್ಧರಿಸುತ್ತಾರೆ, ಲೆಕ್ಕ ಯಾರಿಗೆ ಕೊಡುತ್ತಾರೆ, ಬೇರೆ ದೇಶದವರು ಇದನ್ನು ಹೇಗೆ ಸರಿ ಮಾಡಿಕೊಂಡರು? ಇದನ್ನು ಬಿಡಿಸಿ ನೋಡೋಣ. ರಾಜಕಾರಣಿಗಳನ್ನು ಬೈಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅವರ ಮೇಲೆ ನಂಬಿಕೆ ಉಳಿಯಬೇಕು ಅನ್ನುವ ಆಸೆಯಿಂದ ಬರೆಯುತ್ತಿದ್ದೇನೆ.

ಮೂರು ಬೇರೆ ಬೇರೆ ಗಂಟು

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ನಮ್ಮ ಕಡೆ 'ಎಂ.ಎಲ್.ಎ. ದುಡ್ಡು' ಅಂದರೆ ಜನ ಮೂರು ಬೇರೆ ಬೇರೆ ಹಣವನ್ನು ಒಂದೇ ಗಂಟಿಗೆ ಕಟ್ಟಿಬಿಡುತ್ತಾರೆ.

ಒಂದು, ಪ್ರದೇಶಾಭಿವೃದ್ಧಿ ನಿಧಿ. ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ. ಈ ಹಣ ಅವರ ಕೈಗೆ ಬರುವುದಿಲ್ಲ. ಅವರು ಕಾಮಗಾರಿ ಸೂಚಿಸುತ್ತಾರೆ, ಜಿಲ್ಲಾಡಳಿತ ಮಾಡಿಸುತ್ತದೆ. ಸಮುದಾಯ ಭವನದ ಗೋಡೆ ಮೇಲೆ ಹೆಸರು ಬರೆಸುವುದು ಈ ಹಣದ ಕೆಲಸಕ್ಕೆ.

ಎರಡು, ಚುನಾವಣಾ ವೆಚ್ಚ. ಇದು ಅಭ್ಯರ್ಥಿ ಖರ್ಚು ಮಾಡುವ ಹಣ. ನಮ್ಮ ರಾಜ್ಯದಲ್ಲಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷದ ಮಿತಿ ಇದೆ. ಇದಕ್ಕೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ಫಲಿತಾಂಶ ಬಂದ 30 ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಕೊಡಬೇಕು. ಕೊಡದಿದ್ದರೆ ಚುನಾವಣಾ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಪಕ್ಷ ಸಾಮಾನ್ಯ ಪ್ರಚಾರಕ್ಕೆ ಮಾಡುವ ಖರ್ಚಿಗೆ ಮಾತ್ರ ಮಿತಿಯೇ ಇಲ್ಲ. ಆ ದೊಡ್ಡ ತೂತಿನ ಬಗ್ಗೆ ಬೇರೆಯದೇ ಲೇಖನ ಬೇಕು, ಇಲ್ಲಿ ಬಿಡುತ್ತೇನೆ.

ಮೂರನೆಯದು ನಮ್ಮ ಇವತ್ತಿನ ವಿಷಯ. ಗೆದ್ದ ಮೇಲೆ ಸರ್ಕಾರದ ಖಜಾನೆಯಿಂದ ಅವರ ಕೆಲಸಕ್ಕೆಂದು ಸಿಗುವ ವೇತನ, ಭತ್ಯೆ, ಮರುಪಾವತಿ, ಆಮೇಲೆ ಪಿಂಚಣಿ.

ಇದರಲ್ಲಿ ವೇತನ ಅರ್ಥವಾಗುವುದು ಸುಲಭ. ಅದು ಕೂಲಿ. ಭತ್ಯೆ ಮತ್ತು ಮರುಪಾವತಿಯ ನಡುವಿನ ವ್ಯತ್ಯಾಸದಲ್ಲಿ ಇಡೀ ವಿಷಯ ಅಡಗಿದೆ. ನನ್ನ ಟಿ.ಎ. ಬಿಲ್ಲಿನ ಬಸ್ ಚಾರ್ಜು ಮರುಪಾವತಿ. ಮೊದಲು ನಾನು ಖರ್ಚು ಮಾಡಬೇಕು, ಚೀಟಿ ತೋರಿಸಬೇಕು, ಅಷ್ಟೇ ಹಣ ವಾಪಸ್. ಭತ್ಯೆ ಹಾಗಲ್ಲ. ತಿಂಗಳಿಗೆ ಇಂತಿಷ್ಟು ಎಂದು ಮೊದಲೇ ನಿಗದಿ. ಖರ್ಚಾಗಲಿ ಬಿಡಲಿ ಖಾತೆಗೆ ಬರುತ್ತದೆ. ಚೀಟಿ ಯಾರೂ ಕೇಳುವುದಿಲ್ಲ.

ಸಂಸದರ ಲೆಕ್ಕ ನೋಡಿ. 2023ರ ಏಪ್ರಿಲ್ 1ರಿಂದ ಅನ್ವಯವಾಗುವ ಹಾಗೆ ಅವರ ವೇತನ ತಿಂಗಳಿಗೆ 1,24,000 ರೂಪಾಯಿ. ಅದರ ಜೊತೆಗೆ ಕ್ಷೇತ್ರ ಭತ್ಯೆ 87,000. ಕಚೇರಿ ವೆಚ್ಚ 75,000. ಅಧಿವೇಶನಕ್ಕೆ ಹೋದ ದಿನಕ್ಕೆ 2,500 ರೂಪಾಯಿ ದಿನಭತ್ಯೆ. ಅಂದರೆ ಭತ್ಯೆಗಳನ್ನು ಕೂಡಿಸಿದರೆ ವೇತನಕ್ಕಿಂತ ಜಾಸ್ತಿ ಆಗುತ್ತದೆ. ನಮ್ಮ ಶಾಸಕರಿಗೂ ವೇತನದ ಜೊತೆ ಕ್ಷೇತ್ರ ಪ್ರವಾಸಕ್ಕೆ, ದೂರವಾಣಿಗೆ, ಅಂಚೆಗೆ, ಆಪ್ತ ಸಹಾಯಕರಿಗೆ ಎಂದು ಬೇರೆ ಬೇರೆ ಭತ್ಯೆಗಳಿವೆ. ರೈಲು ಮತ್ತು ವಿಮಾನ ಪ್ರಯಾಣಕ್ಕೆ, ಆಸ್ಪತ್ರೆ ಖರ್ಚಿಗೆ ಸೌಲಭ್ಯಗಳಿವೆ. ಪೇಪರಿನಲ್ಲಿ 'ವೇತನ ಇಷ್ಟು' ಅಂತ ಬಂದಾಗ ನಮಗೆ ಕಾಣುವುದು ಒಂದು ಭಾಗ ಮಾತ್ರ.

ಭತ್ಯೆ ಬೇಡವೇ ಬೇಡ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ನಮ್ಮ ಜಿಲ್ಲೆಯ ಯಾವುದೇ ಶಾಸಕರ ಮನೆಗೆ ಬೆಳಿಗ್ಗೆ ಏಳಕ್ಕೆ ಹೋಗಿ ನೋಡಿ. ಅಂಗಳದಲ್ಲಿ ಹತ್ತಿಪ್ಪತ್ತು ಜನ ಇರುತ್ತಾರೆ. ಒಬ್ಬರಿಗೆ ಪಿಂಚಣಿ ನಿಂತಿದೆ, ಒಬ್ಬರ ಮಗನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಬೇಕು, ಇನ್ನೊಬ್ಬರ ಹೊಲದ ಪಂಪ್‌ಸೆಟ್‌ಗೆ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟಿದೆ. ಎಲ್ಲರಿಗೂ ಚಹಾ ಕೊಡಬೇಕು, ಪತ್ರ ಬರೆದುಕೊಡಲು ಆಳು ಬೇಕು. ಶಿರಹಟ್ಟಿಯಂಥ ಕ್ಷೇತ್ರದಲ್ಲಿ ಹಳ್ಳಿ ಹಳ್ಳಿ ಸುತ್ತಲು ಗಾಡಿಗೆ ಡೀಸೆಲ್ ಬೇಕು. ರೋಣದಿಂದ ಬೆಂಗಳೂರಿಗೆ 400 ಕಿಲೋಮೀಟರ್ ದಾಟಿ ಹೋಗಬೇಕು. ಇದೆಲ್ಲ ನಿಜವಾದ ಖರ್ಚು.

ಇದನ್ನು ಸರ್ಕಾರ ಕೊಡದಿದ್ದರೆ ಏನಾಗುತ್ತದೆ? ಮನೆಯಲ್ಲಿ ಆಸ್ತಿ ಇದ್ದವರು ಮಾತ್ರ ಶಾಸಕರಾಗುತ್ತಾರೆ. ಇಲ್ಲವೇ ಖರ್ಚು ಹೊರುವ ಗುತ್ತಿಗೆದಾರರ ಕೈಯಲ್ಲಿ ಸಿಗುತ್ತಾರೆ. ಬ್ರಿಟನ್ನಿನಲ್ಲಿ 1911ರವರೆಗೆ ಸಾಮಾನ್ಯ ಸಂಸದರಿಗೆ ಸಂಬಳವೇ ಇರಲಿಲ್ಲ. ಕೂಲಿಕಾರರ ಪ್ರತಿನಿಧಿಗಳು ಗೆದ್ದು ಬರತೊಡಗಿದ ಮೇಲೆ ವರ್ಷಕ್ಕೆ 400 ಪೌಂಡ್ ಕೊಡುವುದು ಶುರುವಾಯಿತು. ಬಡವರೂ ಸದನದಲ್ಲಿ ಕೂರಬೇಕಾದರೆ ಸಂಬಳ ಭತ್ಯೆ ಬೇಕೇ ಬೇಕು. ಈ ಮಾತನ್ನು ನಾವು ಮರೆಯಬಾರದು.

ಕಷ್ಟ ಎಲ್ಲಿದೆ ಅಂದರೆ, ಎಷ್ಟು ಬೇಕು ಅನ್ನುವುದನ್ನು ಯಾರು ಹೇಳಬೇಕು ಅನ್ನುವಲ್ಲಿ.

ನಮ್ಮ ಸಂವಿಧಾನದ 106ನೇ ವಿಧಿ ಸಂಸದರ ವೇತನವನ್ನು ಸಂಸತ್ತೇ ಕಾನೂನು ಮಾಡಿ ನಿರ್ಧರಿಸಲಿ ಅನ್ನುತ್ತದೆ. 195ನೇ ವಿಧಿ ರಾಜ್ಯದ ಶಾಸಕರ ವಿಷಯದಲ್ಲಿ ಅದನ್ನೇ ಹೇಳುತ್ತದೆ. ನಮ್ಮಲ್ಲಿ ಇದಕ್ಕಾಗಿ 1956ರ ಕಾಯ್ದೆ ಇದೆ. ಬೇಕಾದಾಗ ತಿದ್ದುಪಡಿ ತರುತ್ತಾರೆ. 2022ರಲ್ಲಿ ಒಮ್ಮೆ ಏರಿತು, ಮೂರೇ ವರ್ಷಕ್ಕೆ ಮತ್ತೆ ದುಪ್ಪಟ್ಟಾಯಿತು. ಕಾನೂನಿನ ಪ್ರಕಾರ ಇದರಲ್ಲಿ ತಪ್ಪಿಲ್ಲ. ಆದರೆ ಬೇರೆ ಎಲ್ಲಿಯೂ ನಾವು ಹೀಗೆ ಮಾಡುವುದಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲರು ತಮ್ಮ ಕೂಲಿಯ ದರ ತಾವೇ ಬರೆದುಕೊಳ್ಳುವುದಿಲ್ಲ. ಶಿಕ್ಷಕರ ಸಂಬಳಕ್ಕೆ ವೇತನ ಆಯೋಗ ಇದೆ. ತಮ್ಮ ಕೂಲಿ ತಾವೇ ಬರೆದುಕೊಳ್ಳುವವರು ಶಾಸಕರು, ಸಂಸದರು ಮಾತ್ರ.

ಕೇಂದ್ರದಲ್ಲಿ ಇದನ್ನು ಅರ್ಧ ಸರಿ ಮಾಡಿದರು. 2018ರ ಹಣಕಾಸು ಕಾಯ್ದೆಯಲ್ಲಿ, ಸಂಸದರ ವೇತನ ಐದು ವರ್ಷಕ್ಕೊಮ್ಮೆ ಬೆಲೆ ಏರಿಕೆಯ ಸೂಚ್ಯಂಕದ ಪ್ರಕಾರ ತಾನಾಗಿ ಏರುವ ಹಾಗೆ ಮಾಡಿದರು. ಮೇಲೆ ಹೇಳಿದ 1,24,000 ರೂಪಾಯಿ ಬಂದದ್ದು ಆ ಲೆಕ್ಕದಿಂದಲೇ. ಮೊದಲು ಅದು 1 ಲಕ್ಷ ಇತ್ತು. ಇದು ಒಳ್ಳೆಯ ಹೆಜ್ಜೆ. ಸೂತ್ರ ಎಲ್ಲರಿಗೂ ಗೊತ್ತಿದೆ, ಯಾರೂ ಗದ್ದಲದಲ್ಲಿ ಕೈ ಎತ್ತಬೇಕಿಲ್ಲ. ಆದರೆ ಸೂಚ್ಯಂಕ ಮೊತ್ತವನ್ನಷ್ಟೇ ಹೇಳುತ್ತದೆ. ಭತ್ಯೆ ನಿಜವಾಗಿ ಎಲ್ಲಿ ಖರ್ಚಾಯಿತು ಅನ್ನುವುದನ್ನು ಹೇಳುವುದಿಲ್ಲ.

ಲಂಡನ್ನಿನಲ್ಲಿ ಆದದ್ದು

ಭತ್ಯೆಯ ನಿಯಮ ಸಡಿಲವಾದರೆ ಏನಾಗುತ್ತದೆ ಅನ್ನುವುದಕ್ಕೆ ಜಗತ್ತಿಗೆಲ್ಲ ಗೊತ್ತಾದ ಉದಾಹರಣೆ ಬ್ರಿಟನ್ನಿನದು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಪಾಠ ಇರುವುದು ವಿವರದಲ್ಲಿ.

ಅಲ್ಲಿನ ಸಂಸದರಿಗೆ ಎರಡು ಕಡೆ ಮನೆ ಬೇಕಾಗುತ್ತದೆ. ಒಂದು ಕ್ಷೇತ್ರದಲ್ಲಿ, ಇನ್ನೊಂದು ಲಂಡನ್ನಿನಲ್ಲಿ. ಅದಕ್ಕಾಗಿ 'ಎರಡನೇ ಮನೆ' ಭತ್ಯೆ ಇತ್ತು. ವರ್ಷಕ್ಕೆ ಸುಮಾರು 24,000 ಪೌಂಡ್ ತನಕ ಕೇಳಬಹುದಿತ್ತು. ಮನೆ ಸಾಲದ ಬಡ್ಡಿ, ಪೀಠೋಪಕರಣ, ರಿಪೇರಿ, ಊಟ ಎಲ್ಲ ಅದರಲ್ಲಿ ಸೇರಿತ್ತು. 250 ಪೌಂಡಿಗಿಂತ ಕಡಿಮೆ ಖರ್ಚಿಗೆ ರಸೀದಿ ಬೇಕಿರಲಿಲ್ಲ. ಬಿಲ್ಲು ನೋಡುವ ಕಚೇರಿ ಸಂಸತ್ತಿನದೇ. ಅಲ್ಲಿನ ನೌಕರರು ಸಂಸದರಿಗೆ 'ಇಲ್ಲ' ಅನ್ನುವುದು ಕಷ್ಟ. ಸಂಬಳ ಏರಿಸಿದರೆ ಜನ ಬೈಯುತ್ತಾರೆ ಎಂದು ಹೆದರಿ, ಅದರ ಬದಲು ಭತ್ಯೆಯನ್ನು ಸಡಿಲ ಬಿಡುವ ರೂಢಿ ವರ್ಷಗಟ್ಟಲೆ ನಡೆದಿತ್ತು. ನನ್ನ ಪ್ರಕಾರ ಮೂಲ ತಪ್ಪು ಇದೇ. ಕೂಲಿಯನ್ನು ಖರ್ಚಿನ ಹೆಸರಿನಲ್ಲಿ ಕೊಟ್ಟರೆ, ತೆಗೆದುಕೊಳ್ಳುವವರು ಅದನ್ನು ತಮ್ಮ ಹಕ್ಕು ಎಂದುಕೊಳ್ಳುತ್ತಾರೆ. ನೋಡುವ ಜನರಿಗೆ ಅದು ಕಳ್ಳತನದ ಹಾಗೆ ಕಾಣುತ್ತದೆ.

2005ರಲ್ಲಿ ಅಲ್ಲಿ ಮಾಹಿತಿ ಹಕ್ಕಿನ ಕಾನೂನು ಜಾರಿಗೆ ಬಂತು. ಪತ್ರಕರ್ತರು ಖರ್ಚಿನ ವಿವರ ಕೇಳಿದರು. ಸಂಸತ್ತು ಕೊಡಲು ಒಪ್ಪಲಿಲ್ಲ, ಹೈಕೋರ್ಟಿನ ತನಕ ಹೋರಾಡಿತು, 2008ರಲ್ಲಿ ಸೋತಿತು. ಇನ್ನೇನು ವಿವರ ಹೊರಬರಬೇಕು ಅನ್ನುವಾಗ, 2009ರ ಮೇ ತಿಂಗಳಲ್ಲಿ, 'ದಿ ಡೈಲಿ ಟೆಲಿಗ್ರಾಫ್' ಪತ್ರಿಕೆಗೆ ಇಡೀ ದಾಖಲೆ ಸಿಕ್ಕಿತು. ವಾರಗಟ್ಟಲೆ ಅದು ದಿನವೂ ಒಬ್ಬೊಬ್ಬರ ಬಿಲ್ ಅಚ್ಚು ಹಾಕಿತು.

ಒಬ್ಬ ಸಂಸದರು ತಮ್ಮ ಕೊಳದ ಬಾತುಕೋಳಿಗಳಿಗೆ ತೇಲುವ ಗೂಡು ಕೊಂಡ 1,645 ಪೌಂಡ್ ಖರ್ಚನ್ನು ಬಿಲ್ಲಿನಲ್ಲಿ ತೋರಿಸಿದ್ದರು. ಆ ಹಣ ಅವರಿಗೆ ಕೊಡಲಿಲ್ಲ ಅನ್ನುವುದೂ ನಿಜ. ಆದರೆ ಜನರ ಮನಸ್ಸಿನಲ್ಲಿ ಉಳಿದದ್ದು ಆ ಬಾತುಗೂಡೇ. ಇನ್ನೊಬ್ಬರು ಕೊಟ್ಟ ಖರ್ಚಿನ ಪಟ್ಟಿಯಲ್ಲಿ ತಮ್ಮ ಮನೆಯ ಸುತ್ತಲಿನ ಕಂದಕದ ಹೂಳು ತೆಗೆಸಿದ್ದು ಇತ್ತು. ಹೂಳು ತೆಗೆಸುವುದು ಅಂದರೆ ನಮಗೆ ಡಂಬಳದ ಕೆರೆಯಂಥ ಊರಿನ ಕೆರೆ ನೆನಪಾಗುತ್ತದೆ, ಅಲ್ವಾ? ಅದನ್ನು ಮಾಡಿಸಲು ಜನ ವರ್ಷಗಟ್ಟಲೆ ಅರ್ಜಿ ಹಿಡಿದು ಓಡಾಡುತ್ತಾರೆ. ಬ್ರಿಟನ್ನಿನ ಜನರ ಹೊಟ್ಟೆ ಉರಿದದ್ದು ಯಾಕೆ ಎಂದು ಇದರಿಂದ ತಿಳಿಯುತ್ತದೆ. ಕೆಲವರು 'ಎರಡನೇ ಮನೆ' ಯಾವುದು ಅನ್ನುವುದನ್ನೇ ಬೇಕಾದ ಹಾಗೆ ಬದಲಿಸಿ, ಒಂದಾದ ಮೇಲೊಂದು ಮನೆಗೆ ಭತ್ಯೆ ಪಡೆದಿದ್ದರು.

ಪರಿಣಾಮ ದೊಡ್ಡದಾಯಿತು. ಸ್ಪೀಕರ್ ಮೈಕೆಲ್ ಮಾರ್ಟಿನ್ ರಾಜೀನಾಮೆ ಕೊಟ್ಟರು. ಒತ್ತಡಕ್ಕೆ ಸಿಕ್ಕಿ ಸ್ಪೀಕರ್ ಒಬ್ಬರು ಹೀಗೆ ಹೋದದ್ದು 1695ರ ನಂತರ ಅದೇ ಮೊದಲು. ಥಾಮಸ್ ಲೆಗ್ ಎಂಬ ನಿವೃತ್ತ ಅಧಿಕಾರಿ ಹಳೆಯ ಬಿಲ್ಲುಗಳನ್ನೆಲ್ಲ ಮತ್ತೆ ತೆಗೆದು ನೋಡಿದರು. ಸಂಸದರಿಂದ 11 ಲಕ್ಷ ಪೌಂಡಿಗೂ ಜಾಸ್ತಿ ವಾಪಸ್ ಕೇಳಲಾಯಿತು. ಸುಳ್ಳು ಲೆಕ್ಕ ಕೊಟ್ಟ ಕೆಲವರು ಜೈಲಿಗೆ ಹೋದರು.

ಆದರೆ ಹೆಚ್ಚಿನವರು ನಿಯಮ ಮುರಿದಿರಲಿಲ್ಲ. 'ನಾನು ನಿಯಮದ ಪ್ರಕಾರವೇ ತಗೊಂಡೆ' ಅನ್ನುವುದೇ ಬಹಳ ಜನರ ಉತ್ತರವಾಗಿತ್ತು. ಅದು ನಿಜವೂ ಆಗಿತ್ತು. ನಿಯಮ ಬರೆದವರು ಅವರೇ ಆಗಿದ್ದರಿಂದ ಆ ಉತ್ತರ ಜನರಿಗೆ ಸಮಾಧಾನ ಕೊಡಲಿಲ್ಲ.

ಅದೇ ದೇಶದ ಸ್ಕಾಟ್ಲೆಂಡಿನ ಕಥೆ ಇಷ್ಟು ಪ್ರಸಿದ್ಧವಲ್ಲ, ನನಗೆ ಮಾತ್ರ ಅದೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ಅಲ್ಲಿನ ಪ್ರತ್ಯೇಕ ಸಂಸತ್ತಿನಲ್ಲಿ 2005ರಲ್ಲೇ ಒಂದು ಪಕ್ಷದ ನಾಯಕರು ಟ್ಯಾಕ್ಸಿ ಬಿಲ್ಲುಗಳ ವಿಷಯದಲ್ಲಿ ರಾಜೀನಾಮೆ ಕೊಟ್ಟಿದ್ದರು. ಆಗಲೇ ಆ ಸಂಸತ್ತು ಎಲ್ಲ ಸದಸ್ಯರ ಖರ್ಚಿನ ವಿವರವನ್ನು ತಾನಾಗಿಯೇ ಜನರ ಮುಂದಿಟ್ಟಿತು. ಲಂಡನ್ನಿನಲ್ಲಿ 2009ರಲ್ಲಿ ಬೆಂಕಿ ಹತ್ತಿದಾಗ ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದಲ್ಲಿ ಅಂಥದ್ದು ಆಗಲಿಲ್ಲ. ಬಚ್ಚಿಟ್ಟದ್ದು ಇರಲಿಲ್ಲ, ಹಾಗಾಗಿ ಹೊರಬರಲೂ ಏನೂ ಇರಲಿಲ್ಲ.

ಆಮೇಲೆ ಬ್ರಿಟನ್ ಏನು ಮಾಡಿತು? ಅದೇ ವರ್ಷ ಕಾನೂನು ಮಾಡಿ 'ಇಪ್ಸಾ' ಎಂಬ ಸ್ವತಂತ್ರ ಸಂಸ್ಥೆ ಕಟ್ಟಿತು. ಅದರ ಮಂಡಳಿಯಲ್ಲಿ ಐದು ಜನ. ಅದರಲ್ಲಿ ಒಬ್ಬರು ಹಿರಿಯ ನ್ಯಾಯಾಧೀಶರಾಗಿದ್ದವರು, ಒಬ್ಬರು ಲೆಕ್ಕಪರಿಶೋಧಕರು, ಒಬ್ಬರು ಮಾಜಿ ಸಂಸದರು ಇರಲೇಬೇಕು. ಈಗಿನ ಸಂಸದರು ಇರುವಂತಿಲ್ಲ. ಯಾವ ಖರ್ಚಿಗೆ ಹಣ ಸಿಗುತ್ತದೆ, ಎಷ್ಟು ಸಿಗುತ್ತದೆ ಎಂದು ಈ ಸಂಸ್ಥೆಯೇ ನಿಯಮ ಬರೆಯುತ್ತದೆ. ಬಿಲ್ಲನ್ನೂ ಇದೇ ನೋಡುತ್ತದೆ. ಪ್ರತಿ ಸಂಸದರು ಏನು ಕೇಳಿದರು, ಎಷ್ಟು ಕೊಟ್ಟಿತು ಎಂಬುದನ್ನು ಯಾರು ಬೇಕಾದರೂ ನೋಡುವ ಹಾಗೆ ಪ್ರಕಟಿಸುತ್ತದೆ. ಮನೆ ಸಾಲದ ಬಡ್ಡಿ ಕೊಡುವುದು ನಿಂತು ಬಾಡಿಗೆ ಮಾತ್ರ ಉಳಿಯಿತು. 2017ರ ಚುನಾವಣೆಯಿಂದ, ಹೊಸದಾಗಿ ಬಂದ ಸಂಸದರು ಹೆಂಡತಿ ಮಕ್ಕಳನ್ನು ಸರ್ಕಾರಿ ಹಣದಲ್ಲಿ ಸಹಾಯಕರಾಗಿ ಇಟ್ಟುಕೊಳ್ಳುವಂತಿಲ್ಲ.

ಸಂಬಳ ನಿರ್ಧರಿಸುವುದೂ ಇದೇ ಸಂಸ್ಥೆಯ ಕೈಗೆ ಹೋಯಿತು. 2015ರಲ್ಲಿ ಅದು ಸಂಸದರ ಸಂಬಳವನ್ನು 67,060 ಪೌಂಡಿನಿಂದ 74,000ಕ್ಕೆ ಏರಿಸಿತು. ಬೇಡ ಎಂದು ಪಕ್ಷಗಳ ನಾಯಕರೇ ಹೇಳಿದರೂ ಏರಿಸಿತು. ಜನ ಗೊಣಗಿದರು. ಆದರೆ 'ತಮಗೆ ತಾವೇ ಬರೆದುಕೊಂಡರು' ಅನ್ನುವ ಮಾತಿಗೆ ಜಾಗ ಇರಲಿಲ್ಲ.

ಇದರಿಂದ ನಂಬಿಕೆ ಮರುದಿನವೇ ತಿರುಗಿ ಬಂತು ಎಂದು ನಾನು ಹೇಳುವುದಿಲ್ಲ. ಬರಲಿಲ್ಲ. ಮೊದಲ ವರ್ಷಗಳಲ್ಲಿ ಸಂಸದರೂ ಬಹಳ ಸಿಟ್ಟಾಗಿದ್ದರು. ಸಣ್ಣ ಸಣ್ಣ ಬಿಲ್ಲಿಗೂ ಗಂಟೆಗಟ್ಟಲೆ ಕೂರಬೇಕು, ಕೈಯಿಂದ ಹಾಕಿದ ಹಣ ತಡವಾಗಿ ಬರುತ್ತದೆ ಎಂದು ದೂರಿದರು. ಅದರಲ್ಲಿ ನ್ಯಾಯವೂ ಇತ್ತು. ಒಡೆದ ಮಡಕೆ ಬೆಸೆಯಲು ಹೊತ್ತು ಬೇಕು. ಆದರೆ ಬಾತುಗೂಡಿನಂಥ ಬಿಲ್ಲಿಗೆ ಈಗ ಅಲ್ಲಿ ದಾರಿ ಇಲ್ಲ. ಬಂದರೂ ಅದು ವರ್ಷಗಟ್ಟಲೆ ಫೈಲಿನಲ್ಲಿ ಮುಚ್ಚಿ ಕೂರುವುದಿಲ್ಲ.

ಸೆಪ್ಟೆಂಬರ್ ಅಂದರೆ ಲೆಕ್ಕದ ತಿಂಗಳು

'ಅದೆಲ್ಲ ಬೇರೆ ದೇಶದ ಮಾತು, ನಮ್ಮಲ್ಲಿ ಆಗುತ್ತದೆಯೇ?' ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಗದಗ ತಾಲ್ಲೂಕಿನ ಕಣಗಿನಹಾಳ ತೋರಿಸುತ್ತೇನೆ.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರಿ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಒಂದು ಆ ಹಳ್ಳಿಯದು. ರೈತರು ರೈತರ ಕೈಗೆ ದುಡ್ಡು ಒಪ್ಪಿಸಿದರು. ಯಾಕೆ ಒಪ್ಪಿಸಿದರು? ಪಾಟೀಲರ ಮೇಲಿನ ಗೌರವ ಒಂದು ಕಾರಣ. ಇನ್ನೊಂದು, ಸಹಕಾರಿ ಪದ್ಧತಿಯಲ್ಲಿ ಲೆಕ್ಕ ಎಲ್ಲ ಸದಸ್ಯರ ಮುಂದೆ ಬರಲೇಬೇಕು.

ಇವತ್ತಿಗೂ ಹಾಗೆಯೇ. ನಮ್ಮ ರಾಜ್ಯದ ಸಹಕಾರ ಕಾಯ್ದೆ ಪ್ರಕಾರ ಪ್ರತಿ ಸಂಘ ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಸಾಮಾನ್ಯ ಸಭೆ ಮಾಡಬೇಕು. ಅಂಥ ಎಷ್ಟೋ ಸಭೆಗಳಲ್ಲಿ ನಾನು ಜಮಾ-ಖರ್ಚು ಓದಿದ್ದೇನೆ. ಲಕ್ಷಗಟ್ಟಲೆ ಸಾಲದ ಬಾಕಿ ಓದುವಾಗ ಸಭೆ ಸುಮ್ನೆ ಇರುತ್ತಿತ್ತು. 'ಇತರೆ ವೆಚ್ಚ' ಅನ್ನುವ ಸಾಲು ಬಂದ ಕೂಡಲೇ ಹಿಂದಿನಿಂದ ದನಿ ಬರುತ್ತಿತ್ತು: "ಸೆಕ್ರೆಟ್ರಿ ಸಾಹೇಬ್ರ, ಚಹಾಕ್ಕ ಇಷ್ಟ್ಯಾಕ ಆತ್ರಿ? ಹೋದ ವರ್ಷ ಕಡಿಮಿ ಇತ್ತಲ್ರೀ."

ನಾನು ರಿಜಿಸ್ಟರ್ ತೆಗೆದು ಓದುತ್ತಿದ್ದೆ. ಬೆಳೆ ವಿಮೆ ತುಂಬಿಸಿಕೊಳ್ಳುವ ವಾರ ಜಾಸ್ತಿ ಜನ ಬಂದಿದ್ದರು, ಇಂತಿಂಥ ದಿನ ಇಷ್ಟು ಚಹಾ ಎಂದು. ಕೇಳಿದವರು "ಹಂಗಾರ ಸರಿ" ಎಂದು ಕೂರುತ್ತಿದ್ದರು. ಅವರಿಗೆ ಬೇಕಿದ್ದದ್ದು ಚಹಾದ ದುಡ್ಡು ವಾಪಸ್ ಅಲ್ಲ. ಕೇಳಿದರೆ ಉತ್ತರ ಬರುತ್ತದೆ ಅನ್ನುವ ಖಾತ್ರಿ.

ಗ್ರಾಮ ಪಂಚಾಯಿತಿಗೂ ಇಂಥದ್ದೇ ಒಂದು ಪದ್ಧತಿ ಇದೆ. ಅದೇ ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಹಿಂದಿನ ವರ್ಷದ ಜಮಾ-ಖರ್ಚನ್ನು ಊರವರ ಮುಂದೆ ತೆರೆದಿಡಬೇಕು. ಹೊರಗಿನಿಂದ ನೇಮಿಸಿದ ಅಧಿಕಾರಿ ಬರುತ್ತಾರೆ. ಕ್ಯಾಶ್‌ಬುಕ್, ವೋಚರ್, ಕಾಮಗಾರಿ ಕಡತ ತೆಗೆದು ನೋಡುತ್ತಾರೆ. ಬರೆದಷ್ಟು ಉದ್ದದ ಗಟಾರ ನಿಜಕ್ಕೂ ಆಗಿದೆಯೇ ಎಂದು ಸ್ಥಳಕ್ಕೆ ಹೋಗಿ ಅಳೆಯಬಹುದು. ಎಷ್ಟೋ ಊರುಗಳಲ್ಲಿ ಜಮಾಬಂದಿ ಹೆಸರಿಗಷ್ಟೇ ಆಗುತ್ತದೆ, ನಾಲ್ಕು ಜನ ಸಹಿ ಮಾಡಿ ಎದ್ದು ಹೋಗುತ್ತಾರೆ. ಇದು ನನಗೂ ಗೊತ್ತು. ಆದರೆ ಊರಿನ ಹತ್ತು ಜನ ಮನಸ್ಸು ಮಾಡಿ ಸಭೆಗೆ ಹೋದಂಥ ವರ್ಷ ಪಂಚಾಯಿತಿಯ ಲೆಕ್ಕದ ರೀತಿಯೇ ಬದಲಾದದ್ದನ್ನೂ ನೋಡಿದ್ದೇನೆ.

ಈಗ ಯೋಚಿಸಿ. ತಿಂಗಳಿಗೆ ಸಣ್ಣ ಗೌರವಧನ ಪಡೆಯುವ ಪಂಚಾಯಿತಿ ಸದಸ್ಯರು ಊರಿನ ಮುಂದೆ ಲೆಕ್ಕ ಇಡಬೇಕು. ಸಹಕಾರಿ ಸಂಘದ ಆಡಳಿತ ಮಂಡಳಿ ಚಹಾದ ಲೆಕ್ಕ ಕೊಡಬೇಕು. ನೌಕರರು ಬಸ್ ಟಿಕೆಟ್ ತೋರಿಸಬೇಕು. ಶಾಸಕರ ಕ್ಷೇತ್ರ ಭತ್ಯೆಗೆ ಮಾತ್ರ ಇದ್ಯಾವುದೂ ಇಲ್ಲ.

ಚೀಟಿ ಕೇಳುವ ಕಡೆಯೂ ಚೀಟಿ ಮಾತ್ರ ಸಾಲದು. ಬಿಹಾರದ ಒಬ್ಬ ಮಾಜಿ ರಾಜ್ಯಸಭಾ ಸದಸ್ಯರ ಪ್ರಕರಣ ಇದಕ್ಕೆ ಸಾಕ್ಷಿ. ಮಾಡದ ಪ್ರಯಾಣಕ್ಕೆ ನಕಲಿ ವಿಮಾನ ಟಿಕೆಟ್, ನಕಲಿ ಬೋರ್ಡಿಂಗ್ ಪಾಸ್ ಕೊಟ್ಟು 20 ಲಕ್ಷ ರೂಪಾಯಿಗೂ ಜಾಸ್ತಿ ಹಣಕ್ಕೆ ಬಿಲ್ ಮಾಡಿದ್ದರು ಎಂದು 2022ರಲ್ಲಿ ದೆಹಲಿಯ ನ್ಯಾಯಾಲಯ ತೀರ್ಪು ಕೊಟ್ಟಿತು. ಮೂರು ವರ್ಷ ಶಿಕ್ಷೆಯಾಯಿತು. ಅಷ್ಟರಲ್ಲಿ ಅವರು ಶಾಸಕರಾಗಿದ್ದರು, ಆ ಸ್ಥಾನವೂ ಹೋಯಿತು. ಸಿ.ಬಿ.ಐ. ತನಿಖೆ ಬೇಕಾದದ್ದಕ್ಕೆ ಕಾರಣ, ಬಿಲ್ಲು ಕಚೇರಿಯ ಒಳಗೇ ಉಳಿದಿತ್ತು. ಆ ಪ್ರಯಾಣದ ತಾರೀಖು, ಊರಿನ ಹೆಸರು ಅವರ ರಾಜ್ಯದ ಜನರಿಗೆ ಕಾಣುವ ಹಾಗೆ ಇದ್ದಿದ್ದರೆ, 'ಆ ದಿನ ಅವರು ಇಲ್ಲೇ ಮದುವೆಯಲ್ಲಿದ್ದರಲ್ಲ' ಎಂದು ಯಾರಾದರೂ ಹೇಳಿಬಿಡುತ್ತಿದ್ದರು ಅನ್ನಿಸುತ್ತದೆ.

ನಾನು ಕೇಳುವ ಬದಲಾವಣೆ

ವೇತನ ಮತ್ತು ಭತ್ಯೆಯ ಮೊತ್ತವನ್ನು ಶಾಸಕರಲ್ಲದ ಒಂದು ಸಣ್ಣ ಸಮಿತಿ ಹೇಳಲಿ. ನಿವೃತ್ತ ನ್ಯಾಯಾಧೀಶರು, ಲೆಕ್ಕ ಬಲ್ಲವರು, ಶಾಸಕರ ಕೆಲಸ ಏನೆಂದು ಗೊತ್ತಿರುವ ಒಬ್ಬ ಮಾಜಿ ಶಾಸಕರು ಅದರಲ್ಲಿರಲಿ. ಸಂವಿಧಾನ ಬದಲಿಸಬೇಕಿಲ್ಲ. ಸಮಿತಿ ಕಾರಣ ಬರೆದು ಶಿಫಾರಸು ಮಾಡಲಿ, ಸದನ ಅದನ್ನು ಚರ್ಚೆ ಮಾಡಿ ಒಪ್ಪಲಿ. ಏರಿಕೆ ಮುಂದಿನ ವಿಧಾನಸಭೆಗೆ ಅನ್ವಯವಾಗಲಿ. ಆಗ ಯಾರೂ ತಮಗೆ ತಾವೇ ಕೊಟ್ಟುಕೊಂಡ ಹಾಗೆ ಆಗುವುದಿಲ್ಲ. ಕೆಲಸಕ್ಕೆ ತಕ್ಕ ಸಂಬಳ ಎಂದು ಸಮಿತಿ 1 ಲಕ್ಷ ಹೇಳಿದರೂ ನನ್ನ ತಕರಾರಿಲ್ಲ. ಸಂಬಳವನ್ನು ಸಂಬಳ ಎಂದೇ ಕೊಡೋಣ, ಭತ್ಯೆಯ ಹೆಸರಿನಲ್ಲಿ ಬೇಡ.

ಭತ್ಯೆಯಲ್ಲಿ ಚೀಟಿ ಸಿಗುವ ಖರ್ಚು ಮತ್ತು ಸಿಗದ ಖರ್ಚು ಬೇರೆಯಾಗಲಿ. ವಿಮಾನ, ರೈಲು, ಡೀಸೆಲ್, ಆಸ್ಪತ್ರೆ, ಸಹಾಯಕರ ಸಂಬಳ ಇವಕ್ಕೆಲ್ಲ ಚೀಟಿ ಸಿಗುತ್ತದೆ. ಇವುಗಳನ್ನು ಖರ್ಚಾದಷ್ಟೇ ಕೊಡಬಹುದು. ಮನೆಗೆ ಬಂದವರ ಚಹಾಕ್ಕೆ, ಹಳ್ಳಿಯಲ್ಲಿ ತುರ್ತು ನೆರವಿಗೆ ಚೀಟಿ ಕೇಳುವುದು ಸರಿಯಲ್ಲ. ಅದಕ್ಕೆ ಒಂದು ಸಣ್ಣ ನಿಗದಿ ಮೊತ್ತ ಇರಲಿ. ಸಹಾಯಕರು ಯಾರು, ಅವರು ಶಾಸಕರಿಗೆ ಸಂಬಂಧಿಕರೇ ಅನ್ನುವುದು ಗೊತ್ತಾಗಲಿ. ಪ್ರಯಾಣ ಭತ್ಯೆ ವಾಸದ ಊರಿನಿಂದ ಲೆಕ್ಕವಾಗುವುದರಿಂದ, ವಾಸದ ವಿಳಾಸ ಒಂದೇ ಇರಲಿ. ಮತದಾರರ ಪಟ್ಟಿಯಲ್ಲಿ ಒಂದು, ಬಿಲ್ಲಿನಲ್ಲಿ ಇನ್ನೊಂದು ಆಗಬಾರದು.

ಮೂರನೆಯದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಕ್ಷೇತ್ರವಾರು ಲೆಕ್ಕ ಕನ್ನಡದಲ್ಲಿ, ಕೇಳುವ ಮೊದಲೇ ಪ್ರಕಟವಾಗಬೇಕು. ನರಗುಂದದವರು ನರಗುಂದದ ಶಾಸಕರ ಪುಟ ತೆಗೆದರೆ ವೇತನ ಎಷ್ಟು, ಪ್ರಯಾಣ ಎಷ್ಟು, ಆಸ್ಪತ್ರೆ ಖರ್ಚು ಎಷ್ಟು ಎಂದು ಕಾಣಬೇಕು. ಕಾಯಿಲೆ ಯಾವುದು ಎಂದು ಹೇಳಬೇಕಿಲ್ಲ. ಭದ್ರತೆಗೆ ತೊಂದರೆ ಆಗದ ಹಾಗೆ ಪ್ರಯಾಣದ ವಿವರ ಆಮೇಲೆ ಹಾಕಲಿ. ವರ್ಷಕ್ಕೊಮ್ಮೆ, ಪಂಚಾಯಿತಿಗಳ ಜಮಾಬಂದಿಯ ತಿಂಗಳಲ್ಲೇ, ತಾಲ್ಲೂಕು ಕೇಂದ್ರದಲ್ಲಿ ಶಾಸಕರು ಕುಳಿತು ಆ ಪುಟವನ್ನು ಓದಲಿ, ಪ್ರಶ್ನೆ ಕೇಳಿಸಿಕೊಳ್ಳಲಿ. ಇದಕ್ಕೆ ಅರ್ಧ ದಿನ ಸಾಕು.

ತಪ್ಪಾದಾಗ ಏನು ಅನ್ನುವುದೂ ಸ್ಪಷ್ಟ ಇರಬೇಕು. ನಮ್ಮಲ್ಲಿ 1984ರ ಲೋಕಾಯುಕ್ತ ಕಾಯ್ದೆಯ 22ನೇ ಕಲಂ ಪ್ರಕಾರ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ಆಸ್ತಿ ವಿವರ ಕೊಡಬೇಕು. ಕೊಡದವರ ಹೆಸರನ್ನು ಪತ್ರಿಕೆಗಳಲ್ಲಿ ಪ್ರಕಟಿಸಬಹುದು. ಅದಕ್ಕಿಂತ ಮುಂದೆ ಕಾಯ್ದೆಗೆ ಹಲ್ಲಿಲ್ಲ. ಖರ್ಚಿನ ನಿಯಮದಲ್ಲಿ ಈ ಕೊರತೆ ಬೇಡ. ಗೊತ್ತಿಲ್ಲದೆ ಆದ ತಪ್ಪಿಗೆ ಹಣ ವಾಪಸ್, ಬೇಕೆಂದೇ ಮಾಡಿದ ಸುಳ್ಳು ಬಿಲ್ಲಿಗೆ ಮೊಕದ್ದಮೆ. ನೌಕರರಿಗೆ ಇರುವ ಪದ್ಧತಿ ಇದೇ ತಾನೇ?

ಪಿಂಚಣಿಯ ಬಗ್ಗೆ ಒಂದೇ ಮಾತು. ಪಂಜಾಬಿನಲ್ಲಿ ಎಷ್ಟು ಸಲ ಗೆದ್ದರೆ ಅಷ್ಟು ಪಿಂಚಣಿ ಸೇರುತ್ತಾ ಹೋಗುತ್ತಿತ್ತು. 2022ರಲ್ಲಿ ಕಾನೂನು ತಿದ್ದಿ, ಎಷ್ಟು ಸಲ ಗೆದ್ದರೂ ಒಂದೇ ಪಿಂಚಣಿ ಎಂದು ಮಾಡಿದರು. ಶಾಸಕರೇ ಕೂತು ತಮ್ಮ ಸೌಲಭ್ಯ ಕಡಿಮೆ ಮಾಡಿಕೊಂಡ ಉದಾಹರಣೆ ನಮ್ಮ ದೇಶದಲ್ಲೇ ಇದೆ.

ಒಂದು ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಹುಬ್ಬಳ್ಳಿಯಲ್ಲಿ ವ್ಯಾಪಾರ ಮಾಡುವ ನನ್ನ ಗೆಳೆಯ ಯಾವಾಗಲೂ ಹೇಳುತ್ತಾನೆ: "ಇದೆಲ್ಲ ಚಿಲ್ಲರ ಲೆಕ್ಕ ಬಿಡೋ. ದೊಡ್ಡ ದುಡ್ಡು ಟೆಂಡರಿನ್ಯಾಗ ಹೋಗತೈತಿ." ಅವನ ಮಾತಿನಲ್ಲಿ ಸತ್ಯ ಇದೆ. ಎರಡೂ ಸದನಗಳ 299 ಸದಸ್ಯರಿಗೆ ತಿಂಗಳಿಗೆ 40,000 ರೂಪಾಯಿ ಏರಿಕೆ ಎಂದು ಹಿಡಿದರೂ ವರ್ಷಕ್ಕೆ ಸುಮಾರು 14 ಕೋಟಿ. 2025-26ರ ರಾಜ್ಯ ಬಜೆಟ್ 4,09,549 ಕೋಟಿ. ಇದು ಅದರಲ್ಲಿ ಕಣ್ಣಿಗೇ ಕಾಣುವುದಿಲ್ಲ.

ಆದರೂ ನಾನು ಅವನ ಮಾತು ಒಪ್ಪುವುದಿಲ್ಲ. ಟೆಂಡರಿನ ದರ, ಅಂದಾಜು ಪಟ್ಟಿ, ಕೆಲಸದ ಗುಣಮಟ್ಟ ಇವೆಲ್ಲ ಸಾಮಾನ್ಯ ಜನರಿಗೆ ಅಳೆಯಲು ಕಷ್ಟ. ಪ್ರಯಾಣ, ಆಸ್ಪತ್ರೆ, ಮನೆ ಬಾಡಿಗೆಯ ಖರ್ಚು ಮಾತ್ರ ಪ್ರತಿ ಮನೆಯಲ್ಲೂ ಗೊತ್ತಿರುವ ಲೆಕ್ಕ. ಗದಗದಿಂದ ಬೆಂಗಳೂರಿಗೆ ಹೋಗಿ ಬರಲು ಎಷ್ಟಾಗುತ್ತದೆ ಎಂದು ಬೆಟಗೇರಿಯ ನೇಕಾರರಿಗೂ ಗೊತ್ತು. ನಮ್ಮ ಸಂಘದ ಸಭೆಯಲ್ಲಿ ಚಹಾದ ಬಗ್ಗೆ ಕೇಳಿದವರೇ ಮುಂದಿನ ವರ್ಷ ಗೊಬ್ಬರದ ಖರೀದಿ ದರದ ಬಗ್ಗೆ ಕೇಳಿದರು. ಆ ವರ್ಷ ನಾನು ಖರೀದಿ ಕಡತವನ್ನು ಮೂರು ಸಲ ನೋಡಿಕೊಂಡು ಸಭೆಗೆ ಹೋಗಿದ್ದೆ.

ಕಾನೂನು ಬದಲಾಗುವ ತನಕ ಕೈಯಲ್ಲಿ ಒಂದು ದಾರಿ ಇದೆ. ವಿಧಾನಸಭೆಯ ಸಚಿವಾಲಯವೂ ಮಾಹಿತಿ ಹಕ್ಕು ಕಾಯ್ದೆಗೆ ಒಳಪಡುತ್ತದೆ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೇಲ್ಮನವಿ ಹಾಕಬಹುದು.

ನಾನು ನಿನ್ನೆ ಒಂದು ಅರ್ಜಿ ಬರೆದಿದ್ದೇನೆ. ಸಾರ್ವಜನಿಕ ಮಾಹಿತಿ ಅಧಿಕಾರಿ, ಕರ್ನಾಟಕ ವಿಧಾನಸಭೆ ಸಚಿವಾಲಯ, ವಿಧಾನಸೌಧ, ಬೆಂಗಳೂರು ಎಂದು ವಿಳಾಸ. ನಮ್ಮ ಕ್ಷೇತ್ರದ ಶಾಸಕರಿಗೆ ಹಿಂದಿನ ಆರ್ಥಿಕ ವರ್ಷದಲ್ಲಿ ವೇತನ, ಪ್ರಯಾಣ, ವೈದ್ಯಕೀಯ ವೆಚ್ಚ ಎಂದು ಎಷ್ಟೆಷ್ಟು ಪಾವತಿಯಾಗಿದೆ ಎಂದು ಕೇಳಿದ್ದೇನೆ. ಅದರದೊಂದು ನಕಲನ್ನು ಶಾಸಕರ ಕಚೇರಿಗೂ ಕೊಟ್ಟು ಬಂದೆ. ತಮ್ಮ ಬಗ್ಗೆ ಯಾರೋ ದೂರು ಕೊಟ್ಟರು ಎಂದು ಶಾಸಕರಿಗೆ ಅನ್ನಿಸಬಾರದು. ಅಲ್ಲಿದ್ದ ಹುಡುಗ ಓದಿ ನೋಡಿ, "ಇದನ್ನ ನಮ್ಮನ್ನ ಕೇಳಿದ್ರ ನಾವ ಕೊಡತಿದ್ವಲ್ರೀ ಕಾಕಾ" ಅಂದ. ಹಾಗಾದರೆ ಕೊಡಪ್ಪ, ಊರಿನ ಎಲ್ಲರೂ ಓದುವ ಹಾಗೆ ಇಲ್ಲೇ ಗೋಡೆಗೆ ಅಂಟಿಸು ಎಂದೆ. ಸಾಹೇಬರನ್ನು ಕೇಳಿ ಹೇಳುತ್ತೇನೆ ಎಂದಿದ್ದಾನೆ. ಬರುವ ಸೋಮವಾರ ಹೋಗಿ ನೋಡುತ್ತೇನೆ.